ದಂಡನಾಯಕ ಗ್ರಾಂಟ್

ಅಮೆರಿಕದ ಅಧ್ಯಕ್ಷರಲ್ಲಿ ಸೈನ್ಯದಿಂದ ಬಂದವರು ಹಲವರು. ವಾಷಿಂಗ್‌ಟನ್ನನಿಂದ ಐಸೆನ್‌ಹೋವರನವರೆಗೆ, ರಣರಂಗದಲ್ಲಿ ಗೆದ್ದವರ ಕೈಗೆ ರಾಜ್ಯಭಾರವನ್ನು ಒಪ್ಪಿಸಲು ಆ ಜನ ಹಿಂಜರಿದಿಲ್ಲ. ಆದರೆ ಹೀಗೆ ಬಂದವರಲ್ಲಿ ಯೂಲಿಸಿಸ್ ಗ್ರಾಂಟನಷ್ಟು ಏರಿಳಿತವನ್ನು, ಬದುಕಿದ್ದಾಗಲೂ ಸತ್ತ ಮೇಲೂ, ಕಂಡವರು ಮತ್ತೊಬ್ಬರಿಲ್ಲವೆಂದು ನನ್ನ ಎಣಿಕೆ. 1948ರಲ್ಲಿ ಆರ್ಥರ್ ಶ್ಲೆಸಿಂಜರ್ ಎಂಬ ಹಿರಿಯ ಇತಿಹಾಸಕಾರನು ತನ್ನ ಸಹೋದ್ಯೋಗಿ ವಿದ್ವಾಂಸರ ಮತ ಕೇಳಿ ಅಧ್ಯಕ್ಷರನ್ನು ತರತಮಗಳಲ್ಲಿ ಸಾಲುಗೊಳಿಸಿದಾಗ, ವಿಫಲರ ಪಂಕ್ತಿಯಲ್ಲಿ ಕುಳಿತವರು ಇಬ್ಬರೇ: ಒಬ್ಬ ಹಾರ್ಡಿಂಗ್, ಇನ್ನೊಬ್ಬ ಗ್ರಾಂಟ್. 1962ರಲ್ಲಿ ಮತ್ತೆ ಕೇಳಿದಾಗಲೂ ಅದೇ ಉತ್ತರ ಬಂತು. ಅದೇ ಗ್ರಾಂಟನನ್ನು 2021ರ ಇಂಥದೇ ಇನ್ನೊಂದು ಎಣಿಕೆಯು 20ನೆಯ ಸ್ಥಾನಕ್ಕೆ ಏರಿಸಿತು. ಈ ನಡುವೆ ಏನಾಯಿತೆಂದು ತಿಳಿಯಬೇಕಾದರೆ ಅವನ ಬಾಳಿನಿಂದಲೇ ತೊಡಗಬೇಕು.

ಅವನು ಹುಟ್ಟಿದ್ದು 1822ರ ಏಪ್ರಿಲ್ 27ರಂದು, ಒಹಾಯೋ ಪ್ರಾಂತದ ಪಾಯಿಂಟ್ ಪ್ಲೆಸೆಂಟ್ ಎಂಬ ಸಣ್ಣ ಊರಿನಲ್ಲಿ. ತಂದೆಯದು ತೊಗಲು ಹದಮಾಡುವ ಕಸುಬು. ಮಗನಿಗೆ ಆ ಕಸುಬೂ ಹಿಡಿಸಲಿಲ್ಲ, ಅದರ ರಕ್ತದ ವಾಸನೆಯೂ ಹಿಡಿಸಲಿಲ್ಲ. ಮುಂದೆ ಲಕ್ಷಗಟ್ಟಲೆ ಜನರನ್ನು ಯುದ್ಧಕ್ಕೆ ನಡೆಸಿದ ಈತ ತಟ್ಟೆಯ ಮಾಂಸದಲ್ಲಿ ರಕ್ತದ ಸುಳಿವು ಕಂಡರೂ ಮುಟ್ಟುತ್ತಿರಲಿಲ್ಲ. ಅವನಿಗೆ ಒಲಿದದ್ದು ಕುದುರೆ ಮಾತ್ರ. ತಂದೆಯ ಒತ್ತಾಯದಿಂದ 1839ರಲ್ಲಿ ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯಕ್ಕೆ ಸೇರಿದನು. ತಂದೆತಾಯಿಗಳು ಇಟ್ಟ ಹೆಸರು ಹೈರಮ್ ಯೂಲಿಸಿಸ್. ಶಿಫಾರಸು ಮಾಡಿದ ಶಾಸನಸಭಾ ಸದಸ್ಯನು ಕಾಗದದಲ್ಲಿ ತಪ್ಪಾಗಿ ಯೂಲಿಸಿಸ್ ಎಸ್. ಎಂದು ಬರೆದುಬಿಟ್ಟನು. ಆ ತಪ್ಪೇ ಚರಿತ್ರೆಗೆ ನಿಂತ ಹೆಸರಾಯಿತು. 1843ರಲ್ಲಿ 39 ಮಂದಿಯ ತರಗತಿಯಲ್ಲಿ 21ನೆಯವನಾಗಿ ಹೊರಬಂದನು.

ಮೆಕ್ಸಿಕೋ ಯುದ್ಧದಲ್ಲಿ (1846–48) ಅವನು ಧೈರ್ಯದಿಂದ ಕಾದಿದನು. ಸೈನ್ಯಕ್ಕೆ ದಿನಸಿ, ಹೇಸರಗತ್ತೆಗಳನ್ನು ಒದಗಿಸುವ ಕೆಲಸವನ್ನೂ ಕಲಿತನು. ಆದರೆ ಬಲಿಷ್ಠ ರಾಷ್ಟ್ರವೊಂದು ದುರ್ಬಲ ರಾಷ್ಟ್ರದ ಮೇಲೆ ನಡೆಸಿದ ಅನ್ಯಾಯದ ಯುದ್ಧವದು ಎಂಬ ಅಭಿಪ್ರಾಯವನ್ನು ತನ್ನ ಕೊನೆಗಾಲದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟನು. ತಾನೇ ಪದವಿ ಪಡೆದ ಯುದ್ಧವನ್ನು ಕುರಿತು ಹೀಗೆ ಬರೆಯಬಲ್ಲ ಸೇನಾನಿಗಳು ಎಷ್ಟು ಮಂದಿ?

1848ರಲ್ಲಿ ಜೂಲಿಯಾ ಡೆಂಟ್ ಎಂಬವಳನ್ನು ಮದುವೆಯಾದನು. ಆಕೆಯ ತಂದೆ ಮಿಸೂರಿ ಪ್ರಾಂತದ ಜಮೀನುದಾರ, ಗುಲಾಮರ ಒಡೆಯ. ಗ್ರಾಂಟನ ತಂದೆಯಾದರೋ ಗುಲಾಮಗಿರಿಯ ಕಟ್ಟಾ ವಿರೋಧಿ. ಈ ಎರಡು ಮನೆಗಳ ನಡುವೆ ನಿಂತವನ ಪಾಡನ್ನು ಊಹಿಸಿಕೊಳ್ಳಬಹುದು. ಕೆಲಕಾಲದಲ್ಲಿ ದೂರದ ಪೆಸಿಫಿಕ್ ತೀರದ ಠಾಣ್ಯಕ್ಕೆ ವರ್ಗವಾಯಿತು. ಹೆಂಡತಿ ಮಕ್ಕಳಿಲ್ಲದ ಒಂಟಿತನದಲ್ಲಿ ಕುಡಿತ ಅಂಟಿಕೊಂಡಿತೆಂಬ ಮಾತು ಅಂದೇ ಹಬ್ಬಿತು. 1854ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದನು. ಆಮೇಲಿನ ಏಳು ವರ್ಷ ಸೋಲಿನ ಮೇಲೆ ಸೋಲು. ಬೇಸಾಯ ಕೈಹತ್ತಲಿಲ್ಲ. ಸೇಂಟ್ ಲೂಯಿ ನಗರದ ಬೀದಿಗಳಲ್ಲಿ ಸೌದೆ ಮಾರಿದನು. 1860ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಇಲಿನಾಯ್ ಪ್ರಾಂತದ ಗಲೀನಾ ಊರಿನಲ್ಲಿ ತಂದೆಯ ತೊಗಲಿನ ಅಂಗಡಿಗೇ ಗುಮಾಸ್ತೆಯಾಗಿ ಹೋಗಿ ಕುಳಿತನು. ಯಾವ ವಾಸನೆಗೆ ಹೇಸಿ ಓಡಿದ್ದನೋ ಅದೇ ವಾಸನೆ.

1861ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಅವನನ್ನು ಕರೆಸಿದವರು ಯಾರೂ ಇಲ್ಲ. ತಾನಾಗಿ ಹೋಗಿ, ಶಿಸ್ತಿಲ್ಲದ ಒಂದು ಪಡೆಯ ಮುಖಂಡತ್ವ ಪಡೆದು, ಮೂರೇ ವರ್ಷಗಳಲ್ಲಿ ಉತ್ತರದ ಸಮಸ್ತ ಸೇನೆಯ ನಾಯಕನಾದನು. 1862ರ ಫೆಬ್ರವರಿಯಲ್ಲಿ ಡೊನೆಲ್‌ಸನ್ ಕೋಟೆಯ ಅಧಿಪತಿ ಸೈಮನ್ ಬಕ್ನರ್ ಸಂಧಾನ ಕೇಳಿದಾಗ, ಯಾವ ಷರತ್ತೂ ಇಲ್ಲದೆ ಶರಣಾಗಬೇಕೆಂದು ಉತ್ತರ ಕಳಿಸಿದನು. ಈ ಬಕ್ನರನು ಹಳೆಯ ಗೆಳೆಯ. ಗ್ರಾಂಟನು ಕೆಲಸ ಬಿಟ್ಟು ಕೈಬರಿದಾಗಿ ಬಂದ ದಿನಗಳಲ್ಲಿ ಅವನಿಗೆ ನೆರವಾದವನು. ಏಪ್ರಿಲಿನ ಶೈಲೋ ಕದನದಲ್ಲಿ ಎರಡೇ ದಿನಗಳಲ್ಲಿ ಉಭಯ ಪಕ್ಷಗಳಿಂದ 23,000ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಗ್ರಾಂಟನನ್ನು ತೆಗೆದುಹಾಕಬೇಕೆಂಬ ಕೂಗೆದ್ದಿತು. ಲಿಂಕನ್ ಅವನನ್ನು ಬಿಡಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಅವನು ಮಾಡಿದ ಒಂದು ಕೆಲಸವನ್ನು ಅವನ ಮಿತ್ರರಾದ ಚರಿತ್ರಕಾರರೂ ಸಮರ್ಥಿಸಲಾರರು. ಹತ್ತಿಯ ಕಳ್ಳವ್ಯಾಪಾರವನ್ನು ತಡೆಯುವ ನೆಪದಲ್ಲಿ ಯೆಹೂದ್ಯರೆಲ್ಲರೂ ತನ್ನ ಅಧಿಕಾರದ ಪ್ರದೇಶವನ್ನು ಬಿಟ್ಟು ಹೋಗತಕ್ಕದ್ದೆಂದು ಆಜ್ಞೆ ಹೊರಡಿಸಿದನು. ಕೆಲವು ವಾರಗಳಲ್ಲಿ ಲಿಂಕನ್ ಅದನ್ನು ರದ್ದುಗೊಳಿಸಿದನು. ಒಂದು ಇಡೀ ಜನಾಂಗವನ್ನು ಒಂದೇ ಗೆರೆಯಿಂದ ಹೊಡೆದುಹಾಕುವ ಆ ಮನೋವೃತ್ತಿ ದಣಿದ ಸೇನಾನಿಯ ಅವಸರವೆಂದು ನಾನು ಸಮಾಧಾನ ಮಾಡಿಕೊಳ್ಳಲಾರೆ.

1863ರ ಜುಲೈ 4ರಂದು ವಿಕ್ಸ್‌ಬರ್ಗ್ ಬಿತ್ತು. ಮಿಸಿಸಿಪಿ ನದಿಯ ಆ ಎತ್ತರದ ಕೋಟೆಯನ್ನು ನೇರವಾಗಿ ಹಿಡಿಯಲಾರದೆ, ರಾತ್ರಿಯ ಕತ್ತಲಲ್ಲಿ ಹಡಗುಗಳನ್ನು ಫಿರಂಗಿಗಳ ಬಾಯಿಯ ಕೆಳಗೇ ಸಾಗಿಸಿ, ಕೆಳಗಡೆ ನದಿ ದಾಟಿ, ತನ್ನ ಸರಬರಾಜಿನ ನೆಲೆಯಿಂದ ದೂರವಾಗಿ ಶತ್ರುದೇಶದ ಧಾನ್ಯವನ್ನೇ ಉಣ್ಣುತ್ತ ಹಿಂದಿನಿಂದ ಮುತ್ತಿಗೆ ಹಾಕಿದನು. ಸುಮಾರು 29,000 ಸೈನಿಕರು ಶರಣಾದರು. ಯುದ್ಧಶಾಸ್ತ್ರದ ವಿದ್ಯಾರ್ಥಿಗಳು ಈ ದಂಡಯಾತ್ರೆಯನ್ನು ಇಂದಿಗೂ ಪಾಠವಾಗಿ ಓದುತ್ತಾರೆ. ಆದರೆ ಜನ ನೆನೆಯುವುದು 1864ರ ವರ್ಜೀನಿಯ ಯಾತ್ರೆಯನ್ನು. ಸುಮಾರು ಆರು ವಾರಗಳಲ್ಲಿ ಅವನ ಸೇನೆಗೆ ಆದ ನಷ್ಟ ಸುಮಾರು 55,000. ಕಟುಕನೆಂಬ ಹೆಸರು ಬಂದದ್ದು ಆಗಲೇ. ಕೋಲ್ಡ್ ಹಾರ್ಬರಿನ ಕೊನೆಯ ಆಕ್ರಮಣಕ್ಕಾಗಿ ತಾನು ಸದಾ ಪರಿತಪಿಸಿದ್ದೇನೆಂದು ಅವನೇ ಬರೆದಿದ್ದಾನೆ. ಆದರೂ ಸೈನ್ಯದ ಗಾತ್ರಕ್ಕೆ ಹೋಲಿಸಿ ಲೆಕ್ಕಹಾಕಿದರೆ, ಎದುರಾಳಿ ಲೀ ಕಳೆದುಕೊಂಡವರ ಪ್ರಮಾಣವೇ ಯುದ್ಧದುದ್ದಕ್ಕೂ ಹೆಚ್ಚು. ಲೀಯನ್ನು ಯಾರೂ ಕಟುಕನೆನ್ನಲಿಲ್ಲ. ಏಕೆಂಬುದನ್ನು ಮುಂದೆ ನೋಡೋಣ.

1865ರ ಏಪ್ರಿಲ್ 9ರಂದು ಆಪಮ್ಯಾಟಕ್ಸ್ ಗ್ರಾಮದ ಮನೆಯೊಂದರಲ್ಲಿ ಲೀ ಶರಣಾದನು. ಸೋತವನು ಪೂರ್ಣ ರಾಜಪೋಷಾಕಿನಲ್ಲಿದ್ದನು. ಗೆದ್ದವನ ಮೈಮೇಲೆ ಕೆಸರು ಸಿಡಿದ ಸಾಮಾನ್ಯ ಸೈನಿಕನ ಅಂಗಿ. ಯಾರನ್ನೂ ಸೆರೆಯಲ್ಲಿಡಲಿಲ್ಲ, ಬಿತ್ತನೆಯ ಕಾಲವೆಂದು ಸೈನಿಕರು ತಮ್ಮ ಕುದುರೆಗಳನ್ನು ಮನೆಗೆ ಕೊಂಡೊಯ್ಯಲು ಒಪ್ಪಿದನು, ಹಸಿದಿದ್ದ ಆ ಸೇನೆಗೆ 25,000 ಮಂದಿಯ ಊಟ ಕಳಿಸಿದನು.

1869ರಲ್ಲಿ ಅಧ್ಯಕ್ಷನಾದಾಗ ಅವನಿಗೆ 46 ವರ್ಷ. ಎಂಟು ವರ್ಷ ಆಳಿದನು. ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದುದು ಲಂಚದ ಕಥೆಗಳನ್ನೇ: ಚಿನ್ನದ ಪೇಟೆಯ ಸಂಚು, ಮದ್ಯದ ಸುಂಕವನ್ನು ನುಂಗಿದ ಕೂಟ, ಯುದ್ಧಮಂತ್ರಿ ಬೆಲ್‌ನ್ಯಾಪನ ಕೈಚಳಕ. ಇವೆಲ್ಲ ನಿಜ. ಗ್ರಾಂಟನು ಸ್ವತಃ ಕಾಸು ಮುಟ್ಟಿದವನಲ್ಲ. ಆದರೆ ಮಿತ್ರನೆಂದು ನಂಬಿದವನನ್ನು ಸಾಕ್ಷ್ಯ ಎದುರಿಗಿದ್ದರೂ ಕೈಬಿಡುತ್ತಿರಲಿಲ್ಲ. ತನ್ನ ಕಾರ್ಯದರ್ಶಿ ಬ್ಯಾಬ್‌ಕಾಕನ ಪರವಾಗಿ ತಾನೇ ಸಾಕ್ಷಿ ನುಡಿದನು. ರಣಭೂಮಿಯಲ್ಲಿ ಗುಣವೆನಿಸಿದ ನಿಷ್ಠೆ ರಾಜಧಾನಿಯಲ್ಲಿ ದೋಷವಾಯಿತು.

ಪುಸ್ತಕಗಳು ಮರೆಸಿದ್ದು ಇನ್ನೊಂದು ಮುಖವನ್ನು. ಬಿಡುಗಡೆ ಹೊಂದಿದ ಕಪ್ಪುಜನರಿಗೆ ಮತದ ಹಕ್ಕು ಕೊಟ್ಟ ಹದಿನೈದನೆಯ ತಿದ್ದುಪಡಿ 1870ರಲ್ಲಿ ಜಾರಿಗೆ ಬಂತು. ಆ ಹಕ್ಕನ್ನು ಬಳಸಿದವರನ್ನು ಮುಸುಕುಧಾರಿಗಳಾದ ಕೂ ಕ್ಲಕ್ಸ್ ಕ್ಲಾನಿನವರು ರಾತ್ರಿಯಲ್ಲಿ ಮನೆ ಹೊಕ್ಕು ಹೊಡೆದು ಕೊಲ್ಲುತ್ತಿದ್ದರು. ಗ್ರಾಂಟನು 1871ರಲ್ಲಿ ಹೊಸ ಕಾನೂನು ತರಿಸಿ, ದಕ್ಷಿಣ ಕ್ಯಾರೊಲೈನದ ಒಂಬತ್ತು ಜಿಲ್ಲೆಗಳಿಗೆ ಸೈನ್ಯ ಕಳಿಸಿ, ನೂರಾರು ಮಂದಿಯನ್ನು ಹಿಡಿಸಿದನು. ಮೊಕದ್ದಮೆಗಳನ್ನು ನಡೆಸಿದ ಪ್ರಧಾನ ನ್ಯಾಯವಾದಿ ಏಕರ್‌ಮನ್ ಹಿಂದೆ ದಕ್ಷಿಣದ ಪಕ್ಷದಲ್ಲೇ ಇದ್ದವನು. ಆ ಕಾಲದ ಕ್ಲಾನ್ ಮುರಿದುಬಿತ್ತು. ಆದರೆ 1873ರ ಆರ್ಥಿಕ ಕುಸಿತದ ಮೇಲೆ ಉತ್ತರದ ಜನಕ್ಕೆ ಬೇಸರ ಬಂದಿತ್ತು. 1875ರಲ್ಲಿ ಮಿಸಿಸಿಪಿಯಲ್ಲಿ ಮತ್ತೆ ಹಿಂಸೆ ತಲೆಯೆತ್ತಿ ರಾಜ್ಯಪಾಲನು ಸೈನ್ಯ ಬೇಡಿದಾಗ ಗ್ರಾಂಟನ ಸರಕಾರ ಕಳಿಸಲಿಲ್ಲ. ಅವನ ಆಡಳಿತದ ಅತಿ ದೊಡ್ಡ ಸೋಲು ಇದೆಂದು ನನಗೆ ತೋರುತ್ತದೆ. ಲಂಚದ ಹಗರಣಗಳು ಇದರ ಮುಂದೆ ಸಣ್ಣವು.

ಇನ್ನು ಇತಿಹಾಸ ಬರೆದವರ ಮಾತು. ಗೆದ್ದವರೇ ಚರಿತ್ರೆ ಬರೆಯುತ್ತಾರೆಂದು ನಾವು ಹೇಳಿಕೊಳ್ಳುತ್ತೇವೆ. ಅಮೆರಿಕದಲ್ಲಿ ಸೋತವರು ಬರೆದರು. ಗುಲಾಮಗಿರಿಯ ಮಾತೆತ್ತದೆ, ಲೀಯನ್ನು ಋಷಿಸದೃಶನನ್ನಾಗಿ ಮಾಡಿ, ತಾವು ಸೋತದ್ದು ಕೇವಲ ತಲೆಗಳ ಸಂಖ್ಯೆಗೆಂದು ದಕ್ಷಿಣದ ಸೇನಾನಿಗಳು ಪ್ರಚಾರ ಮಾಡಿದರು. ಕೊಲಂಬಿಯ ವಿಶ್ವವಿದ್ಯಾಲಯದ ವಿಲಿಯಂ ಡನ್ನಿಂಗ್ ಮತ್ತು ಅವನ ಶಿಷ್ಯರು ಕಪ್ಪುಜನರ ಮತದಾನವನ್ನೇ ಅನಾಹುತವೆಂದು ವರ್ಣಿಸಿದರು. ಈ ಕಥೆಗೆ ಒಬ್ಬ ಕಟುಕ, ಒಬ್ಬ ಕುಡುಕ ಬೇಕಾಗಿತ್ತು. ಗ್ರಾಂಟ್ ಎರಡಕ್ಕೂ ಒದಗಿದನು. 1935ರಲ್ಲಿ ಡು ಬಾಯ್ಸ್ ಎಂಬ ಕಪ್ಪು ವಿದ್ವಾಂಸನು ಇದನ್ನೆಲ್ಲ ಬುಡಮಟ್ಟ ಪ್ರಶ್ನಿಸಿ ಗ್ರಂಥ ಬರೆದನು. ಅದಕ್ಕೆ ತಕ್ಕ ಕಿವಿ ದೊರೆತದ್ದು ದಶಕಗಳು ಕಳೆದ ಮೇಲೆ, ಕಪ್ಪುಜನರ ಹಕ್ಕುಗಳ ಹೋರಾಟದ ಕಾಲದಲ್ಲಿ. 2017ರಲ್ಲಿ ಬಂದ ರಾನ್ ಚೆರ್ನೋ ಬರೆದ ದೊಡ್ಡ ಜೀವನಚರಿತ್ರೆ ಸಾಮಾನ್ಯ ಓದುಗರಿಗೂ ಈ ಹೊಸ ಗ್ರಾಂಟನನ್ನು ಮುಟ್ಟಿಸಿತು.

ಅಧಿಕಾರ ಬಿಟ್ಟ ಮೇಲೆ ಅವನು ಲೋಕ ಸುತ್ತಿದನು. 1879ರಲ್ಲಿ ನಮ್ಮ ಮುಂಬಯಿ, ಆಗ್ರಾ, ದಿಲ್ಲಿ, ಕಲ್ಕತ್ತೆಗಳನ್ನೂ ನೋಡಿಹೋದನು. 1884ರಲ್ಲಿ ವಾರ್ಡ್ ಎಂಬ ವಂಚಕ ಪಾಲುಗಾರನು ಅವನ ಸರ್ವಸ್ವವನ್ನೂ ನುಂಗಿದನು. ಸಾಲಕ್ಕೆ ತನ್ನ ಖಡ್ಗ, ಪದಕಗಳನ್ನು ಒಪ್ಪಿಸಿದನು. ಅದೇ ವರ್ಷ ಗಂಟಲಲ್ಲಿ ಅರ್ಬುದರೋಗ ಕಾಣಿಸಿತು. ಹೆಂಡತಿ ಬೀದಿಪಾಲಾಗಬಾರದೆಂದು, ಮಾರ್ಕ್ ಟ್ವೇನ್ ಪ್ರಕಟಿಸಲೊಪ್ಪಿದ ಆತ್ಮಕಥೆಯನ್ನು ಬರೆಯಲು ಕುಳಿತನು. ಮಾತು ನಿಂತಾಗ ಚೀಟಿ ಬರೆದು ವ್ಯವಹರಿಸಿದನು. ಬರಹ ಮುಗಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು, ತೀರಿಕೊಂಡನು. ಪುಸ್ತಕದಿಂದ ಜೂಲಿಯಾಗೆ ಸುಮಾರು 4,50,000 ಡಾಲರ್ ಬಂತು. ನಾನು ಆ ಎರಡು ಸಂಪುಟಗಳನ್ನು ಓದಿದಾಗ ಬೆರಗಾದದ್ದು ಅದರ ಅಲಂಕಾರವಿಲ್ಲದ ಗದ್ಯಕ್ಕೆ. ಎಂಟು ವರ್ಷಗಳ ಅಧ್ಯಕ್ಷತೆಯ ವೃತ್ತಾಂತ ಅದರಲ್ಲಿ ಇಲ್ಲ. ಶವಯಾತ್ರೆಯಲ್ಲಿ ಹೆಗಲೆಣೆಯಾಗಿ ನಡೆದವರಲ್ಲಿ ಡೊನೆಲ್‌ಸನ್ ಕೋಟೆಯ ಬಕ್ನರನೂ ಇದ್ದನು.

2020ರ ಜೂನಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಉದ್ಯಾನವೊಂದರಲ್ಲಿ ಪ್ರತಿಭಟನಕಾರರು ಗ್ರಾಂಟನ ಪ್ರತಿಮೆಯನ್ನು ಕೆಡವಿದರು. ಅವನೂ ಗುಲಾಮರ ಒಡೆಯನಾಗಿದ್ದನೆಂಬುದು ಅಂದು ಕೇಳಿಬಂದ ಆಕ್ಷೇಪ. ಆಗಿದ್ದದ್ದು ನಿಜ. ಮಾವನಿಂದ ಪಡೆದ ವಿಲಿಯಂ ಜೋನ್ಸ್ ಎಂಬ ಒಬ್ಬನಿಗೆ ಅವನು ಒಡೆಯನಾಗಿದ್ದನು. 1859ರ ಮಾರ್ಚಿಯಲ್ಲಿ, ಸಾಲದಲ್ಲಿ ಮುಳುಗಿದ್ದ ದಿನಗಳಲ್ಲಿ, ಮಾರಿದ್ದರೆ ಸಾವಿರ ಡಾಲರಿನಷ್ಟಾದರೂ ತರಬಹುದಾಗಿದ್ದ ಆ ಮನುಷ್ಯನನ್ನು ಸೇಂಟ್ ಲೂಯಿಯ ನ್ಯಾಯಾಲಯಕ್ಕೆ ಕರೆದೊಯ್ದು, ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿ ಮನೆಗೆ ಬಂದನು.