ಡಾ. ಜಿ.ಎಸ್. ಮೇಲ್ಕೋಟೆ: ರಾಯಚೂರಿನಿಂದ ಗೆದ್ದರು, ಕೊನೆಗೆ ತೆಲಂಗಾಣಕ್ಕಾಗಿ ನಿಂತರು

ಹೈದರಾಬಾದ್: ಹೆಸರಿನಲ್ಲೇ ಮೇಲುಕೋಟೆ. ಹುಟ್ಟಿದ್ದು 1901ರಲ್ಲಿ, ಒಡಿಶಾದ ಬೆರ್ಹಾಂಪುರದಲ್ಲಿ. ಬದುಕು ಕಟ್ಟಿಕೊಂಡಿದ್ದು ನಿಜಾಮರ ಹೈದರಾಬಾದ್‌ನಲ್ಲಿ. ಡಾ. ಜಿ.ಎಸ್. ಮೇಲ್ಕೋಟೆ ಅವರನ್ನು ಇಂದಿನ ಓದುಗರಲ್ಲಿ ಹೆಚ್ಚಿನವರು ಮರೆತಿದ್ದಾರೆ. ಆದರೆ ಪ್ರತ್ಯೇಕ ತೆಲಂಗಾಣದ ಕೂಗಿಗೆ ಮೊದಲ ಬಾರಿ ಮತಪೆಟ್ಟಿಗೆಯಲ್ಲಿ ಬಲ ಸಿಕ್ಕಾಗ ರಾಜಧಾನಿಯ ಸೀಟು ಗೆದ್ದುಕೊಟ್ಟವರು ಇದೇ ವೈದ್ಯರು.

ಹೈದರಾಬಾದ್ ಸ್ಟೇಟ್ ಕಾಂಗ್ರೆಸ್‌ಗೆ 1938ರಲ್ಲಿ ಸ್ಥಾಪನೆಗೂ ಮೊದಲೇ ನಿಷೇಧ ಬಿದ್ದಿತ್ತು. ನಿಜಾಮರ ಆಡಳಿತದ ವಿರುದ್ಧ ದನಿ ಎತ್ತುವುದೆಂದರೆ ಜೈಲಿಗೆ ಸಿದ್ಧರಾಗುವುದೇ ಎಂಬ ಕಾಲವದು. ಮೇಲ್ಕೋಟೆ ಆ ಹೋರಾಟದಲ್ಲಿದ್ದರು, ಪತ್ನಿ ವಿಮಲಾಬಾಯಿ ಕೂಡ. ಕಾರ್ಮಿಕ ಸಂಘಟನೆಯಲ್ಲೂ ಅವರು ಕೆಲಸ ಮಾಡಿದರು.

1952ರಲ್ಲಿ ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದಾಗ ಹಣಕಾಸು ಖಾತೆ ಮೇಲ್ಕೋಟೆ ಅವರ ಕೈಗೆ ಬಂತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಸರ್ಕಾರಿ ನೌಕರಿ ಸ್ಥಳೀಯರಿಗೇ ಸಿಗಬೇಕು ಎಂದು ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಹೈದರಾಬಾದ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು. ಪ್ರಾಣಗಳು ಹೋದವು. ಗುಂಡು ಹಾರಿಸಿದ ಸರ್ಕಾರದಲ್ಲಿ ಮೇಲ್ಕೋಟೆ ಸಚಿವರಾಗಿದ್ದರು ಎಂಬುದನ್ನು ಮರೆಯುವಂತಿಲ್ಲ. ಮುಂದಿನ ಕತೆಗೆ ತೂಕ ಬರುವುದೇ ಇದರಿಂದ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ್, ಕಲಬುರಗಿ, ರಾಯಚೂರು ಮೈಸೂರಿಗೆ ಬಂದವು; ಮರಾಠವಾಡ ಬಾಂಬೆ ರಾಜ್ಯಕ್ಕೆ, ತೆಲುಗು ಜಿಲ್ಲೆಗಳು ಆಂಧ್ರಪ್ರದೇಶಕ್ಕೆ ಹೋದವು. ಮರುವರ್ಷ ಮೇಲ್ಕೋಟೆ ರಾಯಚೂರಿನಿಂದ ಲೋಕಸಭೆಗೆ ಆಯ್ಕೆಯಾದರು. 1962 ಮತ್ತು 1967ರಲ್ಲಿ ಹೈದರಾಬಾದ್‌ನಿಂದ ಗೆದ್ದರು. ಮೂರೂ ಬಾರಿ ಕಾಂಗ್ರೆಸ್ ಟಿಕೆಟ್.

ಆಂಧ್ರದೊಂದಿಗೆ ವಿಲೀನವಾಗುವಾಗ ತೆಲಂಗಾಣದವರಿಗೆ ನೌಕರಿ, ಖರ್ಚುವೆಚ್ಚದ ಬಗ್ಗೆ ಕೊಟ್ಟ ಮಾತು ಉಳಿಯಲಿಲ್ಲ ಎಂಬ ಸಿಟ್ಟು 1969ರಲ್ಲಿ ಸಿಡಿಯಿತು. ಮತ್ತೆ ವಿದ್ಯಾರ್ಥಿಗಳೇ ಮುಂದೆ, ಮತ್ತೆ ಗೋಲಿಬಾರ್. ಆ ಚಳವಳಿಯಿಂದ ಹುಟ್ಟಿದ್ದು ತೆಲಂಗಾಣ ಪ್ರಜಾ ಸಮಿತಿ. ವೈದ್ಯಕೀಯ ಓದಿದ್ದ ಮರ್ರಿ ಚೆನ್ನಾರೆಡ್ಡಿ ಅದರ ಚುಕ್ಕಾಣಿ ಹಿಡಿದರು.

1971ರ ಚುನಾವಣೆಯಲ್ಲಿ ಮೇಲ್ಕೋಟೆ ಅದೇ ಸಮಿತಿಯ ಅಭ್ಯರ್ಥಿಯಾಗಿ ಹೈದರಾಬಾದ್‌ನಲ್ಲಿ ಕಣಕ್ಕಿಳಿದರು. ವಯಸ್ಸು 69. ತಲೆಮಾರುಗಳಿಂದ ಇಲ್ಲೇ ಇದ್ದವರಿಗೆ ನೌಕರಿ ಎಂಬುದು ಚಳವಳಿಯ ಬೇಡಿಕೆ. ಅಭ್ಯರ್ಥಿ ಮಾತ್ರ ಬೆರ್ಹಾಂಪುರದಲ್ಲಿ ಹುಟ್ಟಿದವರು, ರಾಯಚೂರನ್ನು ಪ್ರತಿನಿಧಿಸಿದವರು. ಹೈದರಾಬಾದಿನ ಮತದಾರರಿಗೆ ಅದು ಅಡ್ಡಿ ಎನಿಸಲಿಲ್ಲ. ದೇಶದೆಲ್ಲೆಡೆ ಇಂದಿರಾ ಅಲೆ, ಕಾಂಗ್ರೆಸ್‌ಗೆ 352 ಸೀಟು. ತೆಲಂಗಾಣದಲ್ಲಿ ಮಾತ್ರ 14ರಲ್ಲಿ 10 ಕ್ಷೇತ್ರ ಸಮಿತಿಯ ಪಾಲಾದವು. ಮೇಲ್ಕೋಟೆ ಗೆದ್ದರು.

ಆದರೆ ಗೆಲುವಿನ ಆಯುಷ್ಯ ಆರೇ ತಿಂಗಳು. ಸೆಪ್ಟೆಂಬರ್‌ನಲ್ಲಿ ಸಮಿತಿ ಕಾಂಗ್ರೆಸ್‌ನಲ್ಲಿ ವಿಲೀನವಾಯಿತು. ಬ್ರಹ್ಮಾನಂದ ರೆಡ್ಡಿ ಕೆಳಗಿಳಿದು, ತೆಲಂಗಾಣದವರೇ ಆದ ಪಿ.ವಿ. ನರಸಿಂಹರಾವ್ ಮುಖ್ಯಮಂತ್ರಿಯಾದರು. ರಾಜ್ಯ ಕೇಳಿದವರಿಗೆ ಸಿಕ್ಕಿದ್ದು ಮುಖ್ಯಮಂತ್ರಿ. ಬೀದಿಯಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಈ ಲೆಕ್ಕ ಒಪ್ಪಿಗೆಯಾಗಿರಲು ಸಾಧ್ಯವಿಲ್ಲ.

ತುರ್ತು ಪರಿಸ್ಥಿತಿಯ ಕಾಲದಲ್ಲೂ ಮುಂದುವರಿದು 1977ರವರೆಗೆ ಆ ಲೋಕಸಭೆ ನಡೆಯಿತು. ಯೋಗದಲ್ಲಿ ಅಪಾರ ಆಸಕ್ತಿಯಿದ್ದ ಮೇಲ್ಕೋಟೆ 1982ರಲ್ಲಿ ತೀರಿಕೊಂಡರು. ಅವರು ಗೆದ್ದ ಬೇಡಿಕೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕು ತೆಲಂಗಾಣ ರಾಜ್ಯವಾಗಿದ್ದು 2014ರ ಜೂನ್ 2ರಂದು.