ಬಿಡಾರಂ ಕೃಷ್ಣಪ್ಪನವರ ಠಿಕಾಣಿ

ಹೆಸರಲ್ಲಿ ಬಿಡಾರ, ಆದರೆ ಮೈಸೂರಿಗೆ ಬಂದವರು ಇಲ್ಲಿಯವರೇ ಆಗಿಬಿಟ್ಟರು! ಬಿಡಾರಂ ಕೃಷ್ಣಪ್ಪನವರ ಹುಟ್ಟೂರು ಉಡುಪಿ ಕಡೆಯ ನಂದಳಿಕೆ. ಮನೆಯಲ್ಲಿ ಕಿತ್ತು ತಿನ್ನುವ ಬಡತನ. ಹುಡುಗನ ಕಂಠಕ್ಕೆ ಮನಸೋತ ಸಾಹುಕಾರರೊಬ್ಬರು ಸಂಗೀತ ಹೇಳಿಸಿದರು. ಮುಂದೆ ವೀಣೆ ಶೇಷಣ್ಣನವರ ಶಿಷ್ಯ, ಆಮೇಲೆ ಅರಮನೆ ವಿದ್ವಾಂಸ. ಕಛೇರಿಯಲ್ಲಿ ದೇವರನಾಮಕ್ಕೆ ಮಾನ ತಂದವರು.

ದರ್ಬಾರು ಅತ್ಲಾಗಿರಲಿ, ಅವರ ಜೀವ ಇದ್ದದ್ದು ಪ್ರಸನ್ನ ಸೀತಾರಾಮ ಮಂದಿರದಲ್ಲಿ. ಹಣ ಕೂಡಿಸಿ, ಪಟ್ಟುಹಿಡಿದು ಕಟ್ಟಿಸಿದ್ದು. ಅರಮನೆ ಹೊಸ್ತಿಲು ತುಳಿಯಲಾಗದ ಜನರೂ ಅಲ್ಲಿ ಕೂತು ರಾಮೋತ್ಸವದ ಸಂಗೀತ ಕೇಳಿದರು. ಪಿಟೀಲು ಚೌಡಯ್ಯನವರು ಇವರ ಶಿಷ್ಯರೇ.

1931ರಲ್ಲಿ ಕೃಷ್ಣಪ್ಪನವರು ತೀರಿಕೊಂಡರು. ಈ ಊರಲ್ಲಿ ಬಿಡಾರ ಹೂಡಿ, ಉಂಡು ಹೋದವರು ಎಷ್ಟೋ ಮಂದಿ. ಊರಿಗೇ ಒಂದು ಬಿಡಾರ ಕಟ್ಟಿಕೊಟ್ಟವರು ಎಷ್ಟು ಜನ ಸ್ವಾಮಿ?