ತಗಡು ಕೊರೆಯುವ ಕೈಗೂ ಗೌರವ ಬಯಸಿದ ಮುದ್ದೇನಹಳ್ಳಿಯ ಎಂಜಿನಿಯರ್

ಚಿಕ್ಕಬಳ್ಳಾಪುರ: ಸರ್ ಎಂ. ವಿಶ್ವೇಶ್ವರಯ್ಯ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ನಿಲ್ಲುವುದು ಕನ್ನಂಬಾಡಿ ಅಣೆಕಟ್ಟೆ. ಪ್ರತಿವರ್ಷ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನ ಆಚರಿಸುವಾಗ ವೇದಿಕೆಯ ಮೇಲೆ ಅವರ ಪೇಟ ತೊಟ್ಟ ಭಾವಚಿತ್ರವಿರುತ್ತದೆ, ಭಾಷಣಗಳಲ್ಲಿ ಆ ಕಲ್ಲಿನ ಗೋಡೆಯ ವರ್ಣನೆ ಇರುತ್ತದೆ. ಆದರೆ ನೂರು ವರ್ಷಗಳ ತುಂಬುಬಾಳು ನಡೆಸಿದ ಈ ಮಹನೀಯರನ್ನು ಬದುಕಿನ ಉತ್ತರಾರ್ಧದಲ್ಲಿ ಕಾಡಿದ ಪ್ರಶ್ನೆ ಅಣೆಕಟ್ಟೆಯದಲ್ಲ. ಹಳ್ಳಿಯ ಹುಡುಗನೊಬ್ಬ ತನ್ನ ಕೈಯಿಂದ ಒಂದು ವಸ್ತುವನ್ನು ಅಳತೆಗೆ ಸರಿಯಾಗಿ ತಯಾರಿಸಿ, ಅದರಿಂದಲೇ ಸಂಸಾರ ಸಾಗಿಸುವಂತಾಗುವುದು ಹೇಗೆ ಎಂಬುದು ಆ ಪ್ರಶ್ನೆ. ಒಂದು ಕೆಲಸದ ಮೇಜು, ಒಂದು ವೈಸ್, ಒಂದು ಡ್ರಿಲ್, ಎದುರಿಗೊಂದು ತಗಡು. ದೇಶದ ಕೈಗಾರಿಕೆ ಆರಂಭವಾಗುವುದು ಇಂಥ ಮೇಜಿನಿಂದಲೇ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ಮುದ್ದೇನಹಳ್ಳಿಯಿಂದ ಪುಣೆಗೆ

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಜನಿಸಿದ್ದು 1861ರ ಸೆಪ್ಟೆಂಬರ್ 15ರಂದು, ನಂದಿಬೆಟ್ಟದ ಸಮೀಪದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಪೂರ್ವಿಕರು ಆಂಧ್ರದ ಮೋಕ್ಷಗುಂಡಂನಿಂದ ಬಂದು ನೆಲೆಸಿದವರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಚಿಕ್ಕಬಳ್ಳಾಪುರದಲ್ಲಿ ಆರಂಭದ ಶಿಕ್ಷಣ ಮುಗಿಸಿ ಬೆಂಗಳೂರು ಸೇರಿದ. ಮನೆಪಾಠ ಹೇಳಿ ಖರ್ಚು ನಿಭಾಯಿಸುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದ ಅವರಿಗೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪುಣೆಯ ವಿಜ್ಞಾನ ಕಾಲೇಜಿನ ಬಾಗಿಲು ತೆರೆಯಿತು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದರು. ಮರುವರ್ಷವೇ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ದೊರೆಯಿತು.

ತಾನೇ ತೆರೆಯುವ ಬಾಗಿಲು

ಮುಂಬೈ ಪ್ರಾಂತ್ಯದ ಸೇವೆಯಲ್ಲಿ ಅವರಿಗೆ ಹೆಸರು ತಂದ ಕೆಲಸವೇ ಲೋಹಕ್ಕೆ ಸಂಬಂಧಿಸಿದ್ದು ಎಂಬುದು ಗಮನಾರ್ಹ. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಅಣೆಕಟ್ಟೆಯ ಗೋಡೆ ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವುದು ಹೇಗೆ? ವಿಶ್ವೇಶ್ವರಯ್ಯನವರು ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. ನೀರು ನಿಗದಿತ ಮಟ್ಟ ಮುಟ್ಟುವವರೆಗೆ ಬಾಗಿಲು ಮುಚ್ಚಿರುತ್ತದೆ. ಅದನ್ನು ಮೀರಿದೊಡನೆ ನೀರಿನ ಬಲ ಮತ್ತು ಪ್ರತಿಭಾರಗಳ ಆಟದಿಂದ ತಾನೇ ತೆರೆದುಕೊಂಡು ಹೆಚ್ಚಿನ ನೀರನ್ನು ಹೊರಬಿಡುತ್ತದೆ. ಪ್ರವಾಹ ಇಳಿದಾಗ ಮತ್ತೆ ಮುಚ್ಚಿಕೊಳ್ಳುತ್ತದೆ. 1903ರಲ್ಲಿ ಅಲ್ಲಿ ಅಳವಡಿಸಿದ ಈ ವ್ಯವಸ್ಥೆಗೆ ಅವರು ಪೇಟೆಂಟ್ ಪಡೆದರು. ಮುಂದೆ ಗ್ವಾಲಿಯರ್‌ನ ಟಿಗ್ರಾ ಅಣೆಕಟ್ಟೆ ಹಾಗೂ ಕೃಷ್ಣರಾಜಸಾಗರದಲ್ಲೂ ಇದೇ ತತ್ವದ ಬಾಗಿಲುಗಳು ಬಂದವು.

ಕಾಗದದ ಮೇಲೆ ಇಂಥ ಬಾಗಿಲು ಬರೆಯುವುದು ಒಂದು ಕೆಲಸ, ಲೋಹದಲ್ಲಿ ಅದನ್ನು ಸಾಧಿಸುವುದು ಇನ್ನೊಂದು. ಇಂದಿನಂತೆ ವೆಲ್ಡಿಂಗ್ ಬಳಕೆಗೆ ಬಾರದಿದ್ದ ಆ ಕಾಲದಲ್ಲಿ ಉಕ್ಕಿನ ಹಾಳೆಗಳನ್ನು ಜೋಡಿಸಬೇಕಾದರೆ ತೂತು ಮಾಡಿ ರಿವೆಟ್ ಬಡಿಯುವುದೇ ರೂಢಿಯ ದಾರಿ. ಎರಡು ಹಾಳೆಗಳ ತೂತುಗಳು ಒಂದಕ್ಕೊಂದು ಸೇರದಿದ್ದರೆ ರಿವೆಟ್ ಕೂರದು. ಬಲವಂತವಾಗಿ ಕೂರಿಸಿದರೆ ಭಾರವೆಲ್ಲ ಕೆಲವೇ ರಿವೆಟ್‌ಗಳ ಮೇಲೆ ಬೀಳುತ್ತದೆ. ಎಂಜಿನಿಯರ್ ಎಷ್ಟೇ ಪ್ರಚಂಡನಾದರೂ ಕೊನೆಗೆ ಅವನ ಲೆಕ್ಕಾಚಾರ ನಿಲ್ಲುವುದು ಹೆಸರಿಲ್ಲದ ಕೆಲಸಗಾರನೊಬ್ಬನ ಕೈಯಳತೆಯ ಮೇಲೆ!

ಜಪಾನ್ ಕಲಿಸಿದ ಪಾಠ

1898ರಲ್ಲಿ ಅವರು ಕೈಗೊಂಡ ಜಪಾನ್ ಪ್ರವಾಸ ಅವರ ಆಲೋಚನೆಗೆ ಹೊಸ ತಿರುವು ನೀಡಿತು. ಕೆಲವೇ ದಶಕಗಳಲ್ಲಿ ಶಿಕ್ಷಣ ಮತ್ತು ಕೈಗಾರಿಕೆಯ ಬಲದಿಂದ ಮೇಲೆದ್ದ ಏಷ್ಯಾದ ಆ ದೇಶ ಅವರಿಗೆ ಮಾದರಿಯಾಗಿ ಕಂಡಿತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ, 1912ರಿಂದ 1918ರವರೆಗೆ ದಿವಾನರಾಗಿ ಅವರು ಕೈಗೊಂಡ ಕೆಲಸಗಳಲ್ಲಿ ಈ ಪ್ರಭಾವ ಸ್ಪಷ್ಟ. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಗಂಧದೆಣ್ಣೆ ಮತ್ತು ಸಾಬೂನು ಕಾರ್ಖಾನೆಗಳು ತಲೆಯೆತ್ತಿದವು.

ಈ ಯಶಸ್ಸಿನ ನಡುವೆ ವಿವಾದವೂ ಇತ್ತು. ಸರ್ಕಾರಿ ಸೇವೆಯಲ್ಲಿ ಹಿಂದುಳಿದ ವರ್ಗಗಳಿಗೆ ಹೆಚ್ಚಿನ ಪ್ರಾತಿನಿಧ್ಯ ನೀಡುವ ವಿಷಯದಲ್ಲಿ ಅವರಿಗೆ ಭಿನ್ನಾಭಿಪ್ರಾಯವಿತ್ತು. ಅದೇ ಕಾರಣಕ್ಕೆ ದಿವಾನಗಿರಿ ತೊರೆದರು. ಈ ನಿಲುವನ್ನು ಟೀಕಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ. ದುಡಿಯುವ ಕೈಗಳಿಗೆ ಕೌಶಲ ನೀಡಬೇಕೆಂದು ಬಯಸಿದ ವ್ಯಕ್ತಿ ಅಧಿಕಾರದ ಕುರ್ಚಿಗಳ ಹಂಚಿಕೆಯಲ್ಲಿ ಅಷ್ಟೇ ಉದಾರವಾಗಿರಲಿಲ್ಲ ಎಂಬ ಮಾತನ್ನು ಅವರ ಜೀವನ ಬರೆಯುವವರು ಮರೆಮಾಚುವಂತಿಲ್ಲ.

ಭದ್ರಾವತಿಯ ಸಂಭಾವನೆ

ಅಧಿಕಾರ ಬಿಟ್ಟ ಮೇಲೂ ಮೈಸೂರು ಅವರನ್ನು ಬಿಡಲಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಬೆಲೆ ಕುಸಿತದಿಂದ ನಷ್ಟದ ಸುಳಿಗೆ ಸಿಲುಕಿತ್ತು. ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡ ವಿಶ್ವೇಶ್ವರಯ್ಯನವರು 1929ರವರೆಗೆ ಅದನ್ನು ನಡೆಸಿ, ವೆಚ್ಚ ತಗ್ಗಿಸಿ, ಸ್ಥಳೀಯರಿಗೆ ತರಬೇತಿ ಕೊಡಿಸಿ ಹಳಿಗೆ ತಂದರು. ಈ ಸೇವೆಗಾಗಿ ಸಲ್ಲಬೇಕಿದ್ದ ದೊಡ್ಡ ಮೊತ್ತದ ಸಂಭಾವನೆಯನ್ನು ಅವರು ಸ್ವಂತಕ್ಕೆ ಪಡೆಯಲಿಲ್ಲ. ಹುಡುಗರಿಗೆ ಜೀವನೋಪಾಯದ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಆ ಹಣ ಬಳಕೆಯಾಗಲಿ ಎಂದು ಬಯಸಿದರು. ಸಂಸ್ಥೆಗೆ ತಮ್ಮ ಹೆಸರನ್ನೂ ಇಡಗೊಡಲಿಲ್ಲ. ಹೀಗೆ ಬೆಂಗಳೂರಿನಲ್ಲಿ ಮೈದಳೆದದ್ದೇ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ. ನಗರದ ಹೃದಯಭಾಗದಲ್ಲಿರುವ ಎಸ್.ಜೆ. ಪಾಲಿಟೆಕ್ನಿಕ್ ಅದರ ಇಂದಿನ ರೂಪ.

ತೂತಿನಲ್ಲೂ ಒಂದು ಶಾಸ್ತ್ರ

ಕಸುಬಿನ ಶಾಲೆಯಲ್ಲಿ ಕಲಿಯುವುದು ಏನು ಎಂದು ಪುಸ್ತಕದ ಓದನ್ನೇ ವಿದ್ಯೆ ಎಂದುಕೊಂಡವರು ಕೇಳಬಹುದು. ತೆಳು ತಗಡಿಗೆ ತೂತು ಕೊರೆಯುವ ಕೆಲಸವನ್ನೇ ನೋಡಿ. ಮೊದಲು ಅಳೆದು ಗೆರೆ ಎಳೆಯಬೇಕು. ಗೆರೆಗಳು ಸೇರುವಲ್ಲಿ ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು ಹಾಕಿ ಸಣ್ಣ ಕುಳಿ ಮಾಡಬೇಕು. ಇಲ್ಲದಿದ್ದರೆ ಡ್ರಿಲ್‌ನ ಮೊನೆ ಜಾರಿ ಬೇರೆಡೆ ಓಡುತ್ತದೆ. ತಗಡಿನ ಕೆಳಗೆ ಮರದ ಹಲಗೆ ಇಟ್ಟು ಎರಡನ್ನೂ ಕ್ಲಾಂಪ್‌ನಿಂದ ಬಿಗಿಯಬೇಕು. ತಗಡನ್ನು ಬರಿಗೈಯಲ್ಲಿ ಹಿಡಿಯುವುದು ದೊಡ್ಡ ತಪ್ಪು. ಮೊನೆ ಆಚೆ ಬದಿಗೆ ತೂರುವ ಗಳಿಗೆಯಲ್ಲಿ ತಗಡು ಅದಕ್ಕೆ ಸಿಕ್ಕಿಕೊಂಡು ಗಿರ್ರನೆ ತಿರುಗಿದರೆ ಬೆರಳು ಉಳಿಯದು. ದೊಡ್ಡ ತೂತು ಬೇಕಾದರೆ ಚಿಕ್ಕದರಿಂದ ಆರಂಭಿಸಿ ಹಂತಹಂತವಾಗಿ ಹಿಗ್ಗಿಸಬೇಕು. ಕೊನೆಯಲ್ಲಿ ಒತ್ತಡ ತಗ್ಗಿಸಬೇಕು. ತೂತಿನ ಅಂಚಿನಲ್ಲಿ ಉಳಿದ ಚೂಪನ್ನು ಅರದಿಂದ ಉಜ್ಜಿ ತೆಗೆದ ಮೇಲಷ್ಟೇ ಕೆಲಸ ಮುಗಿದಂತೆ.

ಅಳತೆ, ತಾಳ್ಮೆ, ಕ್ರಮ, ಎಚ್ಚರ. ವಿಶ್ವೇಶ್ವರಯ್ಯನವರು ತಮ್ಮ ದಿನಚರಿಯಲ್ಲಿ ಕಟ್ಟುನಿಟ್ಟಾಗಿ ಪಾಲಿಸಿದ ಗುಣಗಳೂ ಇವೇ. ಇಂಥ ಶಿಸ್ತು ಒಬ್ಬಿಬ್ಬರಲ್ಲಿದ್ದರೆ ಸಾಲದು, ಇಡೀ ಜನಾಂಗದ ಅಭ್ಯಾಸವಾಗಬೇಕು ಎಂಬುದು ಅವರ ಹಂಬಲವಾಗಿತ್ತು.

ತವರು ಜಿಲ್ಲೆಯಲ್ಲೇ ಪ್ರಯೋಗ

ಎಪ್ಪತ್ತು ದಾಟಿದ ಮೇಲೂ ವಿಶ್ರಾಂತಿ ಬಯಸದ ಅವರು 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯ ರೂಪರೇಷೆ ನೀಡುವ ಗ್ರಂಥ ಪ್ರಕಟಿಸಿದರು. ಮೋಟಾರು ತಯಾರಿಕೆಯ ಅಧ್ಯಯನಕ್ಕಾಗಿ 1935ರಲ್ಲಿ ಯೂರೋಪ್, ಅಮೆರಿಕ ಸುತ್ತಿಬಂದರು. 1941ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ತಯಾರಕರ ಸಂಘಟನೆಯ ನೇತೃತ್ವ ವಹಿಸಿದರು. ಯಂತ್ರಗಳ ವಿಷಯದಲ್ಲಿ ಮಹಾತ್ಮ ಗಾಂಧಿಯವರೊಡನೆ ಅವರಿಗಿದ್ದ ಭಿನ್ನಮತ ಪ್ರಸಿದ್ಧ. ಆದರೆ ಹಳ್ಳಿಗೆ ಉದ್ಯೋಗ ಬೇಕು ಎಂಬಲ್ಲಿ ಇಬ್ಬರ ದಾರಿಗಳೂ ಕೂಡುತ್ತಿದ್ದವು. ಗಾಂಧೀಜಿ ಚರಕವನ್ನು ತೋರಿಸಿದರೆ, ವಿಶ್ವೇಶ್ವರಯ್ಯನವರು ಅದರ ಪಕ್ಕದಲ್ಲಿ ಸಣ್ಣ ಯಂತ್ರವೂ ವಿದ್ಯುತ್ತೂ ಇರಲಿ ಎಂದವರು.

ಈ ಚಿಂತನೆಯ ಫಲವೇ ಗ್ರಾಮ ಕೈಗಾರಿಕೀಕರಣ ಯೋಜನೆ. ಕೆಲವು ಹಳ್ಳಿಗಳನ್ನು ಒಂದು ಗುಂಪಾಗಿಸಿ, ಗ್ರಾಮಸ್ಥರೇ ಆರಿಸಿದ ಸಮಿತಿಯ ಮೂಲಕ ಮನೆಯಲ್ಲಿ, ಊರಲ್ಲಿ ನಡೆಸಬಹುದಾದ ಕಸುಬುಗಳನ್ನು ಬೆಳೆಸುವುದು ಅದರ ತಿರುಳು. 1940ರ ದಶಕದ ಕೊನೆಯ ವೇಳೆಗೆ ಮೈಸೂರು ರಾಜ್ಯದಲ್ಲಿ ಈ ಯೋಜನೆಯನ್ನು ಮೊದಲು ಕೈಗೆತ್ತಿಕೊಂಡದ್ದು ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೆಲ್ಲ ಆಗ ಕೋಲಾರ ಜಿಲ್ಲೆಗೇ ಸೇರಿದ್ದವು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅಂದರೆ ತೊಂಬತ್ತರ ಹೊಸ್ತಿಲಲ್ಲಿದ್ದ ಹಿರಿಯರು ತಮ್ಮ ಕೊನೆಯ ದೊಡ್ಡ ಕನಸನ್ನು ಪರೀಕ್ಷೆಗೊಡ್ಡಿದ್ದು ತವರು ಜಿಲ್ಲೆಯ ನೆಲದಲ್ಲೇ.

ಆ ಕನಸು ಅವರು ಬಯಸಿದಷ್ಟು ಬೆಳೆಯಲಿಲ್ಲ. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದಾಗ ಅವರ ಪಾರ್ಥಿವ ಶರೀರವನ್ನು ಮುದ್ದೇನಹಳ್ಳಿಗೇ ತರಲಾಯಿತು. ಅಲ್ಲಿರುವ ಸ್ಮಾರಕ ಮತ್ತು ವಸ್ತುಸಂಗ್ರಹಾಲಯಕ್ಕೆ ಶಾಲಾ ಮಕ್ಕಳು ಸಾಲುಸಾಲಾಗಿ ಬರುತ್ತಾರೆ.

ಮುದ್ದೇನಹಳ್ಳಿಯಿಂದ ಬೆಂಗಳೂರಿನ ಕಡೆಗೂ ದಾರಿಯಿದೆ, ಮಂಡಿಕಲ್‌ನಂಥ ಹೋಬಳಿ ಊರುಗಳ ಕಡೆಗೂ ದಾರಿಯಿದೆ. ಕೆಲಸ ಅರಸುವ ಯುವಕರು ಹಿಡಿಯುವುದು ಹೆಚ್ಚಾಗಿ ಬೆಂಗಳೂರಿನ ದಾರಿಯನ್ನೇ. ಕಿಟಕಿಯ ಗ್ರಿಲ್, ತಗಡಿನ ಪೆಟ್ಟಿಗೆ ತಯಾರಿಸುವ ಪುಟ್ಟ ಶೆಡ್ಡನ್ನು ಸ್ವಂತ ಊರಿನಲ್ಲೇ ತೆರೆದು ನಿಲ್ಲುವವರಿಗೆ ಸಭೆಗಳಲ್ಲಿ ಹಾರ ಬೀಳುವುದು ಅಪರೂಪ. ಸೆಪ್ಟೆಂಬರ್ 15ರ ವೇದಿಕೆಯಲ್ಲಿ ಅಂಥ ಒಬ್ಬ ಕುಶಲಕರ್ಮಿಗೂ ಒಂದು ಕುರ್ಚಿ ಹಾಕಿಸಿದರೆ, ಭದ್ರಾವತಿಯ ಸಂಭಾವನೆಯನ್ನು ಕಸುಬಿನ ಶಾಲೆಗೆ ಬಿಟ್ಟುಕೊಟ್ಟ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪುವ ಗೌರವವಾದೀತು.